ಪರವಾಗಿಲ್ಲ ಮಿಸ್, ಇನ್ನೊಂದು ಹಾಕಿ

ಕೋಲಾರ ಚಿನ್ನದ ಗಣಿಗಳ ಊರು ಕೆಜಿಎಫ್‌ನ ಉರಿಗಾಂನಲ್ಲಿ ಬೆಳಿಗ್ಗೆ ಆರೂವರೆಗೆ ಗಾಳಿ ಇನ್ನೂ ಎದ್ದಿರುವುದಿಲ್ಲ. ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ದೂಳು ಇದ್ದಲ್ಲೇ ಮಲಗಿರುತ್ತದೆ. ಬಾಲ್ ಬ್ಯಾಡ್ಮಿಂಟನ್ ಆಡುವವರಿಗೆ ಇದೇ ಸರಿಯಾದ ಹೊತ್ತು. ಉಣ್ಣೆಯ ಚೆಂಡು ಗಾಳಿಗೆ ಸಿಕ್ಕಿತೆಂದರೆ ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ. ಹಾಗಾಗಿ ನಮ್ಮ ಶಾಲೆಯ ಹುಡುಗಿಯರು ಗಂಟೆ ಹೊಡೆಯುವುದಕ್ಕೆ ಬಹಳ ಮೊದಲೇ ಬಂದು, ಸುಣ್ಣದ ಗೆರೆ ಅಳಿಸಿಹೋದ ಕಡೆ ಹಿಮ್ಮಡಿಯಲ್ಲಿ ಗೀಟು ಎಳೆದು, ನೆಟ್ ಕಟ್ಟಿ ಆಟಕ್ಕೆ ನಿಲ್ಲುತ್ತಾರೆ.

ಎರಡು ವರ್ಷದ ಹಿಂದೆ ಅಂಥದೊಂದು ಬೆಳಿಗ್ಗೆ ನಾನು ಮೊದಲ ಸಲ ಬ್ಯಾಟ್ ಹಿಡಿದೆ. ಆಗ ನನಗೆ ನಲವತ್ತೆಂಟು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಊರಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಆಟಕ್ಕೂ ನನಗೂ ಸಂಬಂಧವಿರಲಿಲ್ಲ. ಹೆಣ್ಣುಮಕ್ಕಳ ತಂಡ ಪಂದ್ಯಕ್ಕೆ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರಬೇಕು ಎಂಬ ಕಾರಣಕ್ಕೆ ಆ ವರ್ಷ ನನ್ನ ಹೆಸರು ಬಂತು. ಜೊತೆಗೆ ಹೋಗುವವಳಿಗೆ ಆಟ ಏನೆಂದಾದರೂ ಗೊತ್ತಿರಲಿ ಅಂದುಕೊಂಡು ಮೈದಾನಕ್ಕೆ ಇಳಿದೆ.

ಎಡಗೈಯಿಂದ ಚೆಂಡು ಬಿಟ್ಟು, ಬಲಗೈಯ ಬ್ಯಾಟಿನಿಂದ ಸೊಂಟದ ಕೆಳಗೆ ಹೊಡೆದು, ನೆಟ್‌ನ ಆಚೆಗೆ ಓರೆಯಾಗಿ ಕಳಿಸಬೇಕು. ಸರ್ವ್ ಅಂದರೆ ಇಷ್ಟೇ. ಒಂಬತ್ತನೇ ತರಗತಿಯ ಹುಡುಗಿ ಎರಡು ಸಲ ತೋರಿಸಿದಳು. ನೋಡುವಾಗ ನೀರು ಕುಡಿದಷ್ಟು ಸಲೀಸು. ನಾನು ಚೆಂಡು ಬಿಟ್ಟೆ, ಬ್ಯಾಟ್ ಬೀಸಿದೆ. ಚೆಂಡು ನನ್ನ ಕಾಲ ಬಳಿ ಬಿದ್ದಿತ್ತು. ಮತ್ತೊಂದು, ಮಗದೊಂದು. ನಾಲ್ಕನೆಯದು ಬ್ಯಾಟಿನ ಅಂಚಿಗೆ ತಗುಲಿ ಬೇಲಿಯತ್ತ ಹೋಯಿತು. ಹುಡುಗಿಯರು ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಐವರೂ ಸುಮ್ಮನೆ ನಿಂತು, ತಮ್ಮ ಟೀಚರಿಗೆ ಒಂದು ಕೆಲಸ ಬಾರದೆ ಇರುವುದನ್ನು ಮೊದಲ ಸಲ ನೋಡುತ್ತಿದ್ದರು.

ಆಮೇಲೆ ಸರ್ವ್ ತೋರಿಸಿದ ಹುಡುಗಿಯೇ ಬೇಲಿಯ ಕಡೆ ಓಡಿ ಚೆಂಡು ತಂದು ನನ್ನ ಅಂಗೈಯಲ್ಲಿಟ್ಟಳು. “ಪರವಾಗಿಲ್ಲ ಮಿಸ್, ಇನ್ನೊಂದು ಹಾಕಿ.”

ನಾಲ್ಕು ಭಾಷೆಯ ಒಂದು ಮಾತು

ಕೆಜಿಎಫ್‌ನಲ್ಲಿ ಮಕ್ಕಳು ಟೀಚರನ್ನು ಕರೆಯುವುದು ‘ಮಿಸ್’ ಎಂದೇ. ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಹೀಗೆ ಒಂದೇ ದಿನದಲ್ಲಿ ನಾಲ್ಕು ನಾಲಿಗೆ ಬದಲಿಸುವ ಮಕ್ಕಳು ಇವರು. ‘ಪರವಾಗಿಲ್ಲ’ ಎಂಬ ಮಾತು ಆ ನಾಲ್ಕರಲ್ಲೂ ಇದೆ. ತಮಿಳಿನಲ್ಲಿ ‘ಪರವಾಯಿಲ್ಲ’, ತೆಲುಗಿನಲ್ಲಿ ‘ಪರವಾಲೇದು’, ಉರ್ದು ಮಾತಿನಲ್ಲಿ ‘ಪರ್ವಾ ನಹೀಂ’. ಮೂಲ ಪಾರಸಿಯ ‘ಪರ್ವಾ’, ಅಂದರೆ ಚಿಂತೆ, ಲಕ್ಷ್ಯ. ಚಿಂತೆ ಇಲ್ಲ ಎನ್ನುವುದಕ್ಕೆ ನಾಲ್ಕೂ ಭಾಷೆಯವರು ಒಂದೇ ಕಡೆಯಿಂದ ಪದ ಸಾಲ ತಂದಿದ್ದಾರೆ. ಭಾಷೆಯ ಪಾಠ ಮಾಡುವ ನಾನು ಇದನ್ನು ಎಷ್ಟೋ ಸಲ ಹೇಳಿದ್ದೆ. ಆ ಬೆಳಿಗ್ಗೆ ಮಾತ್ರ ಅದರ ಅರ್ಥ ನನಗೆ ನಿಜವಾಗಿ ಬೇಕಾಗಿತ್ತು.

ವಯಸ್ಸಾದ ಮೇಲೆ ಹೊಸ ಆಟ ಕಲಿಯುವವರನ್ನು ತಡೆಯುವುದು ಮಂಡಿನೋವಲ್ಲ, ಉಸಿರಲ್ಲ. ನಾಲ್ಕು ಜನರ ಎದುರು ಏನೂ ಬಾರದವರಾಗಿ ನಿಲ್ಲುವುದು ನಮಗೆ ಮರೆತುಹೋಗಿರುತ್ತದೆ. ನಲವತ್ತೈದು, ಐವತ್ತು ಆಗುವಷ್ಟರಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಕೆಲಸದಲ್ಲಿ ಪಳಗಿರುತ್ತಾರೆ. ಅಡುಗೆಯಲ್ಲಿ, ಲೆಕ್ಕದಲ್ಲಿ, ಪಾಠದಲ್ಲಿ, ಮಗ್ಗದಲ್ಲಿ. ದಿನವಿಡೀ ಆ ಪಳಗಿದ ಕೈಯನ್ನೇ ಲೋಕಕ್ಕೆ ತೋರಿಸುತ್ತಿರುತ್ತಾರೆ. ಪಳಗದ ಕೈಯನ್ನು ತೋರಿಸಲು ಜಾಗ ಬೇಕು, ಅದನ್ನು ನೋಡಿಯೂ ಚೆಂಡು ತಂದುಕೊಡುವ ಜನ ಬೇಕು. ಆಟ ಕಲಿಯುವುದಕ್ಕೆ ಪ್ರತಿಭೆಗಿಂತ ಮೊದಲು ಬೇಕಾದದ್ದು ಇದು ಎಂದು ಈ ಎರಡು ವರ್ಷದಲ್ಲಿ ನನಗೆ ಮನವರಿಕೆಯಾಗಿದೆ.

ಹಳದಿ ಚೆಂಡಿನ ಲೆಕ್ಕ

ಬಾಲ್ ಬ್ಯಾಡ್ಮಿಂಟನ್ ದಕ್ಷಿಣದ ಮಣ್ಣಿನ ಆಟ. ತಂಜಾವೂರಿನ ಅರಮನೆಯಲ್ಲಿ ಹುಟ್ಟಿತು ಎನ್ನುತ್ತಾರೆ. ಇದಕ್ಕೆ ಮುಚ್ಚಿದ ಹಾಲ್ ಬೇಡ, ಮರದ ನೆಲ ಬೇಡ. 24 ಮೀಟರ್ ಉದ್ದ, 12 ಮೀಟರ್ ಅಗಲದ ಸಮತಟ್ಟಾದ ನೆಲ, ಎರಡು ಕಂಬ, ಒಂದು ನೆಟ್ ಇದ್ದರೆ ಸಾಕು. ಒಂದೊಂದು ಕಡೆ ಐದು ಜನ ಆಡುತ್ತಾರೆ. ಮುಂದೆ ಇಬ್ಬರು, ನಡುವೆ ಒಬ್ಬರು, ಹಿಂದೆ ಇಬ್ಬರು. ಹಿಂದೆ 29 ಪಾಯಿಂಟಿನ ಆಟವಾಗಿದ್ದದ್ದು ಈಗ 35ಕ್ಕೆ ಬಂದಿದೆ. ಚೆಂಡು ಹಳದಿ ಉಣ್ಣೆಯದು, ತೂಕ 27ರಿಂದ 30 ಗ್ರಾಂ. ಷಟಲ್ ಕಾಕ್ ಐದು ಗ್ರಾಮಿನ ಆಸುಪಾಸು ಇರುತ್ತದೆ. ಅಂದರೆ ಅದರ ಐದಾರು ಪಟ್ಟು ಭಾರದ ಚೆಂಡನ್ನು, ಹೆಚ್ಚೆಂದರೆ 185 ಗ್ರಾಂ ತೂಗುವ ಬ್ಯಾಟಿನಲ್ಲಿ ನೆಲಕ್ಕೆ ಬೀಳಿಸದೆ ಹೊಡೆಯಬೇಕು. ಷಟಲ್ ಆಡಿ ಬಂದವರೂ ಮೊದಲ ವಾರ ಮಣಿಕಟ್ಟು ಹಿಡಿದುಕೊಂಡು ಕೂರುವುದು ಇದಕ್ಕೇ.

ಸರ್ವ್‌ಗೂ ಒಂದು ಕಟ್ಟುಪಾಡಿದೆ. ಚೆಂಡು ನೆಟ್ ದಾಟಿದರೆ ಸಾಲದು, ನೆಟ್‌ನಿಂದ ಒಂದು ಮೀಟರ್ ಆಚೆ ಎಳೆದಿರುವ ಗೆರೆಯನ್ನೂ ದಾಟಿ ಓರೆ ಅಂಕಣದಲ್ಲಿ ಬೀಳುವಂತಿರಬೇಕು. ನೆಟ್‌ನ ಎತ್ತರ 1.83 ಮೀಟರ್, ನನ್ನ ತಲೆಗಿಂತ ಒಂದು ಗೇಣು ಮೇಲೆ. ಸೊಂಟದ ಕೆಳಗಿನಿಂದ ಹೊರಟ ಚೆಂಡು ಅಷ್ಟೆತ್ತರ ಏರಿ ಅಷ್ಟು ದೂರ ಹೋಗಬೇಕು ಎನ್ನುವಾಗ ಕಣ್ಣು ತಾನಾಗಿ ನೆಟ್ ಕಡೆ ಏಳುತ್ತದೆ. ಬ್ಯಾಟು ಚೆಂಡಿಗೆ ತಾಗುವ ಮೊದಲೇ ಏಳುತ್ತದೆ. ನನ್ನ ತಪ್ಪು ಅದೇ. ಅದನ್ನು ಕಂಡುಹಿಡಿದವಳೂ ಆ ಒಂಬತ್ತನೇ ತರಗತಿಯ ಹುಡುಗಿಯೇ. “ಚೆಂಡು ನೋಡಿ ಮಿಸ್. ನೆಟ್ ಎಲ್ಲೂ ಓಡಿಹೋಗಲ್ಲ” ಅಂದಳು. ಎಂಟನೇ ದಿನ ಮೊದಲ ಸಲ ಚೆಂಡು ಆಚೆ ಹೋಯಿತು. ಬ್ಯಾಟಿನ ಗಟ್‌ನಿಂದ ಬಂದ ‘ಟಕ್’ ಎಂಬ ಸದ್ದು ಮೊಣಕೈವರೆಗೆ ಹತ್ತಿಬಂತು. ಸರಿಯಾಗಿ ತಾಗಿದ್ದು ಕಿವಿಗಿಂತ ಮೊದಲು ಕೈಗೇ ಗೊತ್ತಾಗುತ್ತದೆ.

ಬಿಗಿಯುವ ಕೀಲುಗಳು

ಹೊಸಬರ ಮೈ ಮರದ ಹಾಗೆ ಯಾಕೆ ಬಿಗಿಯುತ್ತದೆ? 1920ರ ದಶಕದಲ್ಲಿ ಮಾಸ್ಕೋದ ಕೇಂದ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಶರೀರ ವಿಜ್ಞಾನಿ ಉಳಿಯ ಮೇಲೆ ಸುತ್ತಿಗೆ ಬಡಿಯುವ ಕೆಲಸಗಾರರನ್ನು ಅಭ್ಯಾಸ ಮಾಡಿದರು. ಅವರ ತೋಳಿಗೆ ಪುಟ್ಟ ದೀಪಗಳನ್ನು ಕಟ್ಟಿ, ಏಟಿನ ದಾರಿಯನ್ನು ಕ್ಯಾಮೆರಾದಲ್ಲಿ ಹಿಡಿದರು. ಪಳಗಿದ ಕೆಲಸಗಾರನ ಸುತ್ತಿಗೆ ಪ್ರತಿ ಸಲವೂ ಉಳಿಯ ತಲೆಗೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಎರಡು ಏಟಿನಲ್ಲಿ ಒಂದೇ ರೀತಿ ಸಾಗುತ್ತಿರಲಿಲ್ಲ. ಒಂದು ಕೀಲು ತುಸು ತಪ್ಪಿದರೆ ಇನ್ನೊಂದು ಸರಿದೂಗಿಸುತ್ತಿತ್ತು. ಪಳಗುವುದೆಂದರೆ ಒಂದೇ ಚಲನೆಯನ್ನು ಕಂಠಪಾಠ ಮಾಡುವುದಲ್ಲ, ಪ್ರತಿ ಸಲವೂ ಹೊಸದಾಗಿ ಅದೇ ಗುರಿಯನ್ನು ಮುಟ್ಟುವುದು ಎಂಬುದು ಅವರ ಅಧ್ಯಯನದ ತಿರುಳು. ಕಲಿಯುವವನ ತೊಡಕೂ ಇದರಿಂದ ತಿಳಿಯುತ್ತದೆ. ಇಷ್ಟೊಂದು ಕೀಲುಗಳನ್ನು ಒಟ್ಟಿಗೆ ಆಳಲು ಬಾರದಿದ್ದಾಗ ಮೈ ಅರ್ಧ ಕೀಲುಗಳನ್ನು ಬಿಗಿಹಿಡಿದುಬಿಡುತ್ತದೆ. ಹೊಸಬನ ಬಿಗಿತ ದಡ್ಡತನವಲ್ಲ, ಮೈಯ ಜಾಣತನ. ಉಳಿದದ್ದನ್ನು ಸುಮ್ಮನಿರಿಸಿ ಒಂದೊಂದನ್ನೇ ಕಲಿಯುವ ಉಪಾಯ ಅದು.

ಇದನ್ನು ತಿಳಿದ ಮೇಲೆ ನನ್ನ ತೋಳಿನ ಮೇಲೆ ನನಗಿದ್ದ ಸಿಟ್ಟು ಇಳಿಯಿತು. ಇನ್ನೊಂದು ಸಂಗತಿಯೂ ಹೊಳೆಯಿತು. ಬಿಗಿದ ಕೈಗೆ ‘ಮೊಣಕೈ ತಪ್ಪು, ಕಾಲು ತಪ್ಪು, ಸೊಂಟ ತಪ್ಪು’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಆ ಹುಡುಗಿ ನನಗೆ ಎಂಟು ದಿನ ಹೇಳಿದ್ದು ಒಂದೇ ಮಾತು, ಚೆಂಡು ನೋಡಿ.

ಒಬ್ಬರ ಹಿಂದೆ ನಿಂತುಕೋ

ನಮ್ಮ ಪಕ್ಕದ ಮನೆಯ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಸಂಜೆ ಜಗಲಿಯಲ್ಲಿ ಕೂತು ನಾನು ಗೋಡೆಗೆ ಚೆಂಡು ಹೊಡೆಯುವುದನ್ನು ನೋಡುತ್ತಿದ್ದರು. ಒಂದು ದಿನ ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಮೊದಲ ಸಲ ಗಣಿಗೆ ಇಳಿದ ಕತೆ ಹೇಳಿದರು. “ನೋಡಮ್ಮಾ, ಕೇಜ್ ಇಳೀತಾ ಇದ್ದ ಹಾಗೆ ಕಿವಿ ಮುಚ್ಚಿಹೋಯ್ತು. ಕೆಳಗೆ ಹೋದರೆ ಬೆಂಕಿ ಒಲೆ ಮುಂದೆ ನಿಂತ ಹಾಗೆ. ನಂಗೇನೂ ಯಾರೂ ಹೇಳಿಕೊಡಲಿಲ್ಲ. ಒಬ್ಬರ ಹಿಂದೆ ನಿಂತುಕೋ ಅಂದ್ರು. ಅವರು ಮಾಡಿದ್ದು ನೋಡು, ಅವರು ನಿಂತ ಕಡೆ ನಿಲ್ಲು. ಅಷ್ಟೇ ಪಾಠ.”

ಅವರು ಕಲಿಯಬೇಕಾಗಿದ್ದ ಮೊದಲ ವಿದ್ಯೆ ಕೇಳಿಸಿಕೊಳ್ಳುವುದು. ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆಯನ್ನು ತಟ್ಟಬೇಕು. ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಠಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಖಾಲಿ ಡಬ್ಬದ ಸದ್ದು ಬರುತ್ತದೆ. ಎರಡೂ ಸದ್ದಿನ ನಡುವಣ ಅಂತರ ಕಿವಿಗೆ ಹತ್ತುವವರೆಗೆ ಹೊಸಬನನ್ನು ಯಾರೂ ಒಂಟಿಯಾಗಿ ಬಿಡುತ್ತಿರಲಿಲ್ಲವಂತೆ. ಭೂಮಿಯ ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಇಲ್ಲಿಯ ಹಳಬರು ‘ಏರ್ ಬ್ಲಾಸ್ಟ್’ ಎನ್ನುತ್ತಾರೆ. ಮೇಲೆ ಕಾರ್ಮಿಕರ ಲೈನು ಮನೆಗಳಲ್ಲಿ ಪಾತ್ರೆ ಅಲುಗಿದರೆ ಕೆಳಗೆ ಏನಾಯಿತೋ ಎಂದು ಹೆಂಗಸರು ಬಾಗಿಲಿಗೆ ಓಡಿಬರುತ್ತಿದ್ದ ಕಾಲ ಅದು. ನನ್ನ ಚೆಂಡು ತಪ್ಪಿದರೆ ಬೇಲಿಗೆ ಹೋಗುತ್ತದೆ, ಅಷ್ಟೇ. ಅವರ ಕಿವಿ ತಪ್ಪಿದ್ದರೆ ಜೀವ ಹೋಗುತ್ತಿತ್ತು.

ಯೋಚಿಸಿದರೆ ಈ ಊರನ್ನು ಕಟ್ಟಿದ್ದೇ ಹೊಸಬರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಹೊಲಗಳಿಂದ ಜನ ಬಂದರು. ನೆಲವನ್ನು ಉತ್ತು ಬಲ್ಲವರು, ಬಾವಿಗಿಂತ ಆಳಕ್ಕೆ ಇಳಿದವರಲ್ಲ. ಅವರ ಮಕ್ಕಳು, ಮೊಮ್ಮಕ್ಕಳು 3 ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ, ಮುಟ್ಟಿದರೆ ಕೈ ಸುಡುವ ಬಂಡೆಯ ನಡುವೆ ಕೆಲಸ ಮಾಡಿದರು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಈ ಗಣಿಗಳಿಗೆ ವಿದ್ಯುತ್ ಬಂದಾಗ ಅಷ್ಟು ದೂರ ತಂತಿಯಲ್ಲಿ ಕರೆಂಟು ಹರಿಸುವುದು ನಮ್ಮ ದೇಶಕ್ಕೇ ಹೊಸದು. ಇಲ್ಲಿ ಎಷ್ಟೋ ಕೆಲಸ ಬಲ್ಲವರಿಂದ ಶುರುವಾಗಲಿಲ್ಲ.

ಎರಡನೇ ಸಲ ಹೊಸಬರು

2001ರ ಫೆಬ್ರುವರಿ 28ರಂದು ಈ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ನಾನು ಈ ಊರಿಗೆ ಬಂದದ್ದು ಅದಾದ ಮೇಲೆ, ತಿಪಟೂರು ಕಡೆಯಿಂದ. ನಾನು ಕಂಡ ಉರಿಗಾಂ ಗಣಿಯ ಉರಿಗಾಂ ಅಲ್ಲ, ರೈಲಿನ ಉರಿಗಾಂ. ನಲವತ್ತು ದಾಟಿದ, ಬಂಡೆಯ ಸದ್ದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲದ ಗಂಡಸರು ಬೆಂಗಳೂರಿನ ಗೇಟುಗಳ ಮುಂದೆ ಕಾವಲಿಗೆ ನಿಂತರು. ಮನೆಬಿಟ್ಟು ದುಡಿದು ಅಭ್ಯಾಸವಿಲ್ಲದ ಹೆಂಗಸರು ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿಯಲು ಕಲಿತರು. ಮಾರಿಕುಪ್ಪಂನಲ್ಲಿ ಹೊರಡುವ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ಒಂದೊಂದೇ ಗಣಿಯ ಹೆಸರಿನ ಸ್ಟೇಷನ್ನಿನಲ್ಲಿ ನಿಂತು ಅವರನ್ನು ತುಂಬಿಕೊಂಡು ಬಂಗಾರಪೇಟೆಯತ್ತ ಹೊರಡುತ್ತದೆ. ಅಲ್ಲಿಂದ ಬೆಂಗಳೂರು ಇನ್ನೂ 70 ಕಿಲೊಮೀಟರ್. ಆ ಮಂದಿ ಹೊಸಬರಾಗಲು ಆಸೆಪಟ್ಟವರಲ್ಲ. ಅವರಿಗೆ ‘ಪರವಾಗಿಲ್ಲ, ಇನ್ನೊಂದು ಸಲ ಮಾಡು’ ಎಂದು ಎಷ್ಟು ಜನ ಹೇಳಿದರೋ. ಹೊಸತನ್ನು ಕಲಿಯುವ ಸುಖದ ಬಗ್ಗೆ ಬರೆಯುವಾಗಲೆಲ್ಲ ನಾನು ಅವರನ್ನು ನೆನೆಯುತ್ತೇನೆ. ಇಷ್ಟಪಟ್ಟು ಹೊಸಬರಾಗುವುದು ಒಂದು ಭಾಗ್ಯ. ಅದನ್ನು ಹಗುರವಾಗಿ ಕಾಣಬಾರದು.

ಹುಡುಗಿಯರ ಜೊತೆ ನಾನು ಮೊದಲ ಪಂದ್ಯಕ್ಕೆ ಹೋದದ್ದೂ ಅದೇ ರೈಲಿನಲ್ಲಿ. ಬ್ಯಾಟುಗಳನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿಕೊಂಡು ಬಂಗಾರಪೇಟೆಯಲ್ಲಿ ಇಳಿದೆವು. ದಾರಿಯಲ್ಲಿ ಅವರಿಗೆ ಕೆನೆತ್ ಪೊವೆಲ್ ಹೆಸರು ಹೇಳಿದೆ. 1940ರಲ್ಲಿ ಕೋಲಾರದಲ್ಲಿ ಹುಟ್ಟಿ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿ, ಮರುವರ್ಷ ಅರ್ಜುನ ಪ್ರಶಸ್ತಿ ಪಡೆದವರು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ರಿಲೇಯಲ್ಲಿ ಕಂಚು ತಂದರು. ಟೋಕಿಯೊದಲ್ಲಿ ಅವರು ಓಡಿದ್ದು ಈಗಿನ ರಬ್ಬರ್ ಟ್ರ್ಯಾಕಿನ ಮೇಲಲ್ಲ, ಕಿಟ್ಟದ ಪುಡಿ ಹಾಸಿದ ನೆಲದ ಮೇಲೆ ಎಂದಾಗ ಒಬ್ಬಳು ಕಣ್ಣರಳಿಸಿದಳು. “ನಮ್ಮ ಗ್ರೌಂಡ್ ಥರ ಮಿಸ್?” ಹೆಚ್ಚುಕಮ್ಮಿ ಹಾಗೇ ಅಂದೆ.

ಅವತ್ತು ನಮ್ಮ ತಂಡ ಸೋತಿತು. ಸಂಜೆ ಬಂಗಾರಪೇಟೆಯ ಚಾಟ್ಸ್ ಗಾಡಿಯ ಮುಂದೆ ನಿಂತು ಪಾನಿಪೂರಿ ತಿಂದೆವು. ಈ ಊರಿನ ಪಾನಿ ನೋಡಲು ತಿಳಿನೀರು, ಬಾಯಿಗಿಟ್ಟರೆ ನೆತ್ತಿಗೆ ಹತ್ತುವ ಖಾರ. ಸೋತದ್ದಕ್ಕೋ ಖಾರಕ್ಕೋ, ಎಲ್ಲರ ಕಣ್ಣಲ್ಲೂ ನೀರಿತ್ತು. ವಾಪಸ್ ರೈಲಿನಲ್ಲಿ ಅವರು ಒಂದೊಂದು ಪಾಯಿಂಟನ್ನೂ ಮತ್ತೆ ಆಡಿದರು. ನಾನು ಮೊದಲ ಸಲ ಅವರ ಮಾತಿನೊಳಗೆ ಸೇರಿಕೊಂಡೆ. ಹಿಂದಿನ ಇಬ್ಬರು ಯಾಕೆ ಅಷ್ಟು ಮುಂದೆ ಬಂದರು ಎಂದು ಕೇಳುವಷ್ಟು ಆಟ ನನಗೆ ಆಗಲೇ ತಿಳಿದಿತ್ತು.

ಕೆಂಪು ಪೆನ್ನು

ಮೈದಾನದಲ್ಲಿ ಕಲಿತದ್ದು ನಿಧಾನವಾಗಿ ನನ್ನ ತರಗತಿಗೂ ಬಂತು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಈ ನಾಲ್ಕಕ್ಕೂ ಒಂದೇ ಅಕ್ಷರ. ತಮಿಳು ಮಾತಾಡುವ ಮನೆಯಿಂದ ಬಂದ ಮಗುವಿಗೆ ‘ಗುಡಿ’ ‘ಕುಡಿ’ ಆಗುವುದು, ‘ಧನ’ ‘ದನ’ ಆಗುವುದು, ‘ಭಾರತ’ ‘ಬಾರತ’ ಆಗುವುದು ಸಹಜ. ಇದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಆದರೂ ಹಾಳೆಯ ತುಂಬ ಕೆಂಪು ಸುತ್ತು ಹಾಕುತ್ತಿದ್ದೆ. ಅಲ್ಪಪ್ರಾಣ, ಮಹಾಪ್ರಾಣ, ವಿಭಕ್ತಿ, ಒತ್ತಕ್ಷರ, ಎಲ್ಲವನ್ನೂ ಒಂದೇ ದಿನ ತಿದ್ದುತ್ತಿದ್ದೆ. ತಪ್ಪು ತೋರಿಸಿದಷ್ಟೂ ಕಲಿಸಿದಂತೆ ಎಂದುಕೊಂಡಿದ್ದೆ. ಆ ಹಾಳೆಗಳನ್ನು ಕೈಗೆ ತೆಗೆದುಕೊಳ್ಳುವಾಗ ಮಕ್ಕಳ ಭುಜ ಬಿಗಿಯುತ್ತಿದ್ದುದನ್ನು ನಾನು ಕಂಡಿರಲಿಲ್ಲ. ನನ್ನದೇ ಭುಜ ಬಿಗಿದ ಮೇಲೆ ಕಂಡೆ.

ಈಗ ಒಂದು ವಾರಕ್ಕೆ ಒಂದೇ ತಪ್ಪನ್ನು ತಿದ್ದುತ್ತೇನೆ. ಈ ವಾರ ಮಹಾಪ್ರಾಣವಾದರೆ ಮಹಾಪ್ರಾಣ ಮಾತ್ರ, ಉಳಿದದ್ದಕ್ಕೆ ಪೆನ್ನು ಮುಟ್ಟುವುದಿಲ್ಲ. ಹಿಂದೆ ಉತ್ತರದ ಜಾಗವನ್ನು ಖಾಲಿ ಬಿಡುತ್ತಿದ್ದ ಮಕ್ಕಳು ಈಗ ನಾಲ್ಕು ಸಾಲು ಬರೆಯುತ್ತಾರೆ. ಆ ನಾಲ್ಕು ಸಾಲಿನಲ್ಲಿ ತಪ್ಪುಗಳು ಇರುತ್ತವೆ. ತಪ್ಪು ಇದೆ ಎಂದರೆ ಬರೆದಿದ್ದಾರೆ ಎಂದು ಅರ್ಥ. ಗಟ್ಟಿಯಾಗಿ ಓದು ಎಂದರೆ ತಲೆ ತಗ್ಗಿಸುತ್ತಿದ್ದ ಆ ಒಂಬತ್ತನೇ ತರಗತಿಯ ಹುಡುಗಿ ಹತ್ತನೇ ತರಗತಿಯಲ್ಲಿ ತಾನಾಗಿ ಕೈ ಎತ್ತಿ ಪದ್ಯ ಓದಿದಳು. ನಾನು ಅವಳಿಗೆ ಹೇಳಿಕೊಟ್ಟದ್ದು ಕಡಿಮೆ. ಅವಳು ನನಗೆ ಸರ್ವ್ ಹೇಳಿಕೊಟ್ಟಿದ್ದಳಲ್ಲ, ನನ್ನೆದುರು ತಪ್ಪು ಓದುವುದಕ್ಕೆ ಅವಳಿಗಿದ್ದ ಹೆದರಿಕೆ ಅಲ್ಲೇ ಹೋಗಿರಬೇಕು.

ಮೈದಾನ ಯಾರದು

ನನಗೆ ಮೈದಾನ ಸಿಕ್ಕಿದ್ದು ಶಾಲೆಯ ಕೆಲಸದ ನೆಪದಲ್ಲಿ. ನೆಪವಿಲ್ಲದವರು ಏನು ಮಾಡಬೇಕು? ನಮ್ಮ ಊರುಗಳ ಸಂಜೆಯ ಬಯಲನ್ನು ನೋಡಿ. ಕ್ರಿಕೆಟ್ ಆಡುವ ಹುಡುಗರಿದ್ದಾರೆ, ವಾಲಿಬಾಲ್ ಆಡುವ ಗಂಡಸರಿದ್ದಾರೆ. ಮೂವತ್ತು ದಾಟಿದ ಹೆಂಗಸು ಅಂಚಿನಲ್ಲಿ ವಾಕಿಂಗ್ ಹೋಗಬಹುದು. ನಡುವೆ ನಿಂತು ಒಂದು ಚೆಂಡು ತಪ್ಪಿಸುವ ಅವಕಾಶ ಅವಳಿಗಿಲ್ಲ. ಆಡಬಲ್ಲ ಹೆಣ್ಣುಮಕ್ಕಳಿಗೆ ನಾವು ಕಪ್ಪು ಕೊಟ್ಟು ಚಪ್ಪಾಳೆ ತಟ್ಟುತ್ತೇವೆ. ಇನ್ನೂ ಆಡಲು ಬಾರದವರಿಗೆ ಜಾಗ ಕೊಟ್ಟಾಗ ಮಾತ್ರ ಆಡಬಲ್ಲವರು ಹುಟ್ಟುತ್ತಾರೆ. ಪ್ರತಿ ಶಾಲೆಯ ಬಯಲು ವಾರಕ್ಕೆ ಒಂದು ದಿನ, ಒಂದು ಗಂಟೆ, ಏನೂ ಬಾರದ ದೊಡ್ಡವರಿಗೆ ತೆರೆದಿರಲಿ ಎಂದು ನಾನು ಬಯಸುತ್ತೇನೆ. ಅದಕ್ಕೆ ಹೆಚ್ಚು ಖರ್ಚಿಲ್ಲ. ಎರಡು ಕಂಬ ಹೇಗೂ ಇವೆ.

ನಾವು ಸಣ್ಣದಾಗಿ ಶುರು ಮಾಡಿದ್ದೇವೆ. ಭಾನುವಾರ ಬೆಳಿಗ್ಗೆ ಹುಡುಗಿಯರು ತಮ್ಮ ಮನೆಯವರನ್ನು ಕರೆತರುತ್ತಾರೆ. ಕಳೆದ ತಿಂಗಳು ಒಬ್ಬಳ ಅಮ್ಮ ಬಂದಿದ್ದರು. ವಾರದ ಆರು ದಿನ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ರಾತ್ರಿ ಮರಳುವವರು. ಮಗಳ ಆಟ ನೋಡಿ ಹೋಗುತ್ತೇನೆ ಎಂದು ಬೇಲಿಯ ಪಕ್ಕ ನಿಂತರು. ಪಕ್ಕದ ಮನೆಯ ತಾತನೂ ಕೋಲೂರಿಕೊಂಡು ಬಂದು ಕಲ್ಲಿನ ಮೇಲೆ ಕೂತಿದ್ದರು. ಆಟ ನಿಂತಾಗ ಮಗಳು ಬ್ಯಾಟ್ ಚಾಚಿದಳು. ಆಕೆ ಬೇಡಬೇಡ ಎನ್ನುತ್ತ ಸುತ್ತ ಒಮ್ಮೆ ಕಣ್ಣಾಡಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಳಚಿಟ್ಟು ಗೆರೆಯ ಹಿಂದೆ ಬಂದು ನಿಂತರು.

ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಬ್ಯಾಟನ್ನು ತೀರಾ ಬಿಗಿಯಾಗಿ ಹಿಡಿದಿದ್ದು ಕಾಣುತ್ತಿತ್ತು, ಕಣ್ಣು ನೆಟ್ ಮೇಲೆ ಇದ್ದದ್ದೂ ಕಾಣುತ್ತಿತ್ತು. ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಚೆಂಡು ಬಿಟ್ಟರು, ಬೀಸಿದರು. ಚೆಂಡು ನೆಟ್‌ನ ಬುಡಕ್ಕೆ ಬಡಿದು ಮಣ್ಣಿನಲ್ಲಿ ಉರುಳಿತು. ಹುಡುಗಿಯರು ಸುಮ್ಮನಿದ್ದರು. ನಾನು ‘ಪರವಾಗಿಲ್ಲ’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಆಕೆ ಮಗಳ ಕಡೆ ತಿರುಗಿಯೂ ನೋಡದೆ, ಇನ್ನೊಂದು ಚೆಂಡಿಗೆ ಕೈ ಚಾಚಿದ್ದರು.